ನಮ್ಮ ಕಡೆಗೆ ಬಾರದ ಹಣ್ಣೆಲೆ ಬಣ್ಣ

ಸಣ್ಣಿ ಬಣ್ಣ ತುಂಬಿದ ಕೋಟು ತೆರೆಯ ಮೇಲೆ ಕಾಣುವುದು ಒಟ್ಟು ನಾಲ್ಕು ಸೆಕೆಂಡು. ಅಷ್ಟಕ್ಕೆ ಅರವತ್ತನಾಲ್ಕು ಚಿತ್ರ, ಮೂರು ದಿನದ ಕೆಲಸ. ನೀಲಿ ಕೋಟು ತೊಟ್ಟ ಹೆಂಗಸೊಬ್ಬಳು ಮೆಟ್ಟಿಲಿಳಿಯುತ್ತಾ ಹಿಂದಿರುಗಿ ನೋಡುತ್ತಾಳೆ, ಕೋಟಿನ ಅಂಚು ಬೀಸಿ ಒಳಗಿನ ಅಸ್ತರು ಒಂದು ಗಳಿಗೆ ಕಾಣುತ್ತದೆ. ಅವಳು ಯಾರು, ಯಾಕೆ ತಿರುಗಿದಳು, ಮೇಲೆ ನಿಂತವರು ಯಾರು, ಸಣ್ಣಿಗೆ ಒಂದೂ ಗೊತ್ತಿರಲಿಲ್ಲ.

ಅವರ ಕೆಲಸವೇ ಹಾಗೆ. ಟೈರ್ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ಹದಿನಾಲ್ಕು ಜನ ಕಂಪ್ಯೂಟರುಗಳ ಮುಂದೆ ಸಾಲಾಗಿ ಕೂತು, ದೂರದ ಸ್ಟುಡಿಯೋದಿಂದ ಬರುವ ಅನಿಮೆಯ, ಅಂದರೆ ಜಪಾನಿ ಕಾರ್ಟೂನಿನ, ಗೆರೆಚಿತ್ರಗಳಿಗೆ ಬಣ್ಣ ತುಂಬುತ್ತಿದ್ದರು. ಹಗಲ ಬೆಳಕು ಬಿದ್ದು ತೆರೆಯ ಬಣ್ಣ ಬೇರೆಯಾಗಿ ಕಾಣಬಾರದೆಂದು ಕಿಟಕಿಗಳಿಗೆ ಯಾವಾಗಲೂ ಕಪ್ಪು ಪರದೆ. ಗಲ್ಲಕ್ಕೆ ಇಷ್ಟನೇ ಸಂಖ್ಯೆ, ಗಲ್ಲದ ನೆರಳಿಗೆ ಇಷ್ಟನೇ ಸಂಖ್ಯೆ ಎಂದು ಪಟ್ಟಿ ಬರುತ್ತಿತ್ತು. ಪಟ್ಟಿ ನೋಡಿಕೊಂಡು ತುಂಬುವುದು, ಕಳಿಸುವುದು. ಕಥೆ ಮಾತ್ರ ಯಾರ ಕೈಗೂ ಸಿಗುತ್ತಿರಲಿಲ್ಲ.

ಪಕ್ಕದ ಕುರ್ಚಿಯವಳನ್ನು ಎಲ್ಲರೂ ಉದ್ದಕ್ಕ ಅನ್ನುತ್ತಿದ್ದರು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ, ಮಾತೂ ಅಷ್ಟೇ ಉದ್ದ. "ಎರಡು ವರ್ಷದಿಂದ ಆ ಹುಡುಗನ ಕೂದಲಿಗೆ ಬಣ್ಣ ಹಾಕ್ತಿದೀನಿ ಕಣೇ. ಅವನು ಒಳ್ಳೆಯವನೋ ಕೆಟ್ಟವನೋ ಇವತ್ತಿಗೂ ಗೊತ್ತಿಲ್ಲ. ಮನೇಲಿ ಗಂಡನ ವಿಷಯದಲ್ಲೂ ನಂಗೆ ಇದೇ ಗತಿ" ಎನ್ನುತ್ತಿದ್ದಳು. ಸಣ್ಣಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳ ನಗುವೂ ಅವಳ ಹೆಸರಿನಷ್ಟೇ ಸಣ್ಣದು.

ಆ ಕೋಟಿನ ಪಟ್ಟಿ ಬಂದಾಗ ಒಂದು ಕಡೆ ಖಾಲಿ ಇತ್ತು. ದೃಶ್ಯ ಸಂಜೆಯದು, ಅಸ್ತರಿನ ಸಂಜೆಯ ಬಣ್ಣಕ್ಕೆ ಸಂಖ್ಯೆಯೇ ಇಲ್ಲ. ಮೇಲ್ವಿಚಾರಕರನ್ನು ಅಲ್ಲಿ ಎಲ್ಲರೂ ಮೇಸ್ತ್ರಿ ಎಂದೇ ಕರೆಯುವುದು. ಅವರು ತಲೆ ಕೆರೆದುಕೊಂಡು, "ಕೇಳಿ ಕಳಿಸಿದ್ರೆ ಎರಡು ದಿನ ಹೋಗುತ್ತೆ. ನೀನೇ ಒಂದು ಹಾಕಿ ಕಳ್ಸು. ಒಪ್ಪಿದ್ರೆ ಒಪ್ಪಲಿ" ಎಂದರು.

ಸಣ್ಣಿ ಆ ಪ್ರಶ್ನೆಯನ್ನು ಹೊತ್ತುಕೊಂಡು ಹೋದದ್ದು ಅಮ್ಮನ ಹತ್ತಿರ.

ಅಮ್ಮ ಮೂವತ್ತು ವರ್ಷ ದಾರ-ಗುಂಡಿಯ ಅಂಗಡಿಯಲ್ಲಿ ದಾರ ಹೊಂದಿಸಿದವಳು. ಬಟ್ಟೆಯ ಚೂರು ತೋರಿಸಿದರೆ ಸಾಕು, ಗೋಡೆಯುದ್ದದ ಉಂಡೆಗಳಲ್ಲಿ ಕೈ ಹೋಗಿ ಸರಿಯಾದುದರ ಮೇಲೇ ಕೂರುತ್ತಿತ್ತು. ಸಕ್ಕರೆ ಕಾಯಿಲೆ ಎಡಗಣ್ಣನ್ನು ತಿಂದಮೇಲೂ ಒಂದೇ ಕಣ್ಣಲ್ಲಿ ವರ್ಷವಿಡೀ ದಾರ ಹೊಂದಿಸಿದಳು. ಆಮೇಲೆ ಬಲಗಣ್ಣೂ ಮಂಜಾಗತೊಡಗಿದ್ದರಿಂದ ಮನೆಯಲ್ಲಿ ಕೂತಿದ್ದಳು.

ಕೆಲಸದ ಕಡೆಯಿಂದ ಒಂದು ಗೆರೆಯೂ ಹೊರಗೆ ಹೋಗುವಂತಿರಲಿಲ್ಲ. ಬಾಗಿಲಲ್ಲೇ ಫೋನು ಪೆಟ್ಟಿಗೆಗೆ ಹಾಕಿಸುತ್ತಿದ್ದರು, ವಿಷಯ ಬಾಯಿಬಿಡಬಾರದೆಂದು ಕಾಗದಕ್ಕೆ ಸಹಿ ಬೇರೆ. ಹಾಗಾಗಿ ಸಣ್ಣಿ ಆ ನೀಲಿಯನ್ನು ಕಣ್ಣಲ್ಲೇ ತಂದು, ಅಮ್ಮನ ಡಬ್ಬಿಯ ಉಂಡೆಗಳಲ್ಲಿ ಅದನ್ನು ಹೋಲುವ ಒಂದನ್ನು ತೆಗೆದಿಟ್ಟಳು. "ಒಂದು ಕೋಟು ಅಂದ್ಕೋ ಅಮ್ಮ. ಸಂಜೆ ಹೊತ್ತು. ಒಳಗೆ ಯಾವುದು ಕೊಡ್ತೀಯ?"

ಅಮ್ಮ ಉಂಡೆಯನ್ನು ಕಿಟಕಿಯ ಹತ್ತಿರ ಒಯ್ದು, ತಿರುಗಿಸಿ, ಮತ್ತೆ ತಿರುಗಿಸಿ, ಡಬ್ಬಿಯ ತಳದಿಂದ ಒಂದನ್ನು ಹೆಕ್ಕಿದಳು. ಹಣ್ಣಾಗಿ ಉದುರುವ ಎಲೆಯ ಬಣ್ಣ. ಹಳದಿ ಅನ್ನೋಣವೆಂದರೆ ಹಳದಿಯಲ್ಲ, ಕಂದು ಅನ್ನೋಣವೆಂದರೆ ಕಂದೂ ಅಲ್ಲ. "ಹಣ್ಣೆಲೆ. ನೀಲಿ ಗಂಭೀರವಾಗಿರುತ್ತೆ, ಒಳಗೆ ಸ್ವಲ್ಪ ಬೆಚ್ಚಗಿರಲಿ" ಎಂದಳು.

ಮರುದಿನ ಸಣ್ಣಿ ಗೇಣುದ್ದ ದಾರವನ್ನು ಬೆರಳಿಗೆ ಸುತ್ತಿಕೊಂಡು ಹೋಗಿ, ತೆರೆಗೆ ಹಿಡಿದು, ಬಣ್ಣ ಹೊಂದಿಸಿ ಕಳಿಸಿದಳು. ಅಲ್ಲಿಂದ ಒಂದೇ ಪದದ ಉತ್ತರ ಬಂತು: ಸರಿ.

ಅದನ್ನು ಕೇಳಿ ಅಮ್ಮನಿಗೆ ರೆಕ್ಕೆ ಬಂದಂತಾಯಿತು. ಕಾಗದ-ಸಹಿಯೆಲ್ಲ ಹೇಳಿದರೂ ಕೇಳದೆ ಅಂಗಡಿಗೆ ಫೋನು ಮಾಡಿ, "ನನ್ನ ಬಣ್ಣ ಸಿನಿಮಾದಲ್ಲಿ ಬರುತ್ತೆ" ಎಂದಳು. ಸಣ್ಣಿ ಹಣೆ ಚಚ್ಚಿಕೊಂಡಳು. "ಸಿನಿಮಾ ಅಲ್ಲಮ್ಮ, ಅನಿಮೆ." "ಯಾವುದಾದ್ರೂ ಇರ್ಲಿ. ಬಂದ ದಿನ ತೋರಿಸ್ಬೇಕು ನಂಗೆ. ಈ ಕಣ್ಣು ಇರೋದ್ರೊಳಗೆ."

ಎಂಟು ತಿಂಗಳ ಮೇಲೆ ಅದು ಬಂತು. ದುಡ್ಡು ಕಟ್ಟಿ ನೋಡುವ ಆ್ಯಪ್ ಒಂದರಲ್ಲಿ, ಹೇಳಿದ ದಿನಕ್ಕೇ ಬಂತು. ಸಣ್ಣಿ ಅದಕ್ಕೆಂದೇ ಚಂದಾ ಕಟ್ಟಿ, ಅಮ್ಮನನ್ನು ಟಿವಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿದಳು. ಚಿತ್ರಪಟದಲ್ಲಿ ನೀಲಿ ಕೋಟಿನ ಹೆಂಗಸು ಇದ್ದಳು. ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದು ಸಾಲು: ಈ ಸರಣಿ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

"ಏನಂತೆ?"

"ನಮ್ಮ ಕಡೆಗೆ ಇನ್ನೂ ಬಿಟ್ಟಿಲ್ವಂತೆ."

"ಮಾಡಿದವರಿಗೇ ಇಲ್ವಾ?" ಎಂದು ಅಮ್ಮ ನಕ್ಕಳು. "ಸರಿ, ನಾಳೆ ಬಿಡ್ತಾರೆ ಬಿಡು."

ನಾಳೆ ಬಿಡಲಿಲ್ಲ. ಸಣ್ಣಿ ಸಹಾಯ ವಿಭಾಗಕ್ಕೆ ಬರೆದಳು. ಒಂದೊಂದು ಪ್ರದೇಶದ ಹಕ್ಕು ಒಂದೊಂದು ಕಡೆ ಇರುತ್ತದೆ, ನಿಮ್ಮ ಆಸಕ್ತಿಯನ್ನು ಸಂಬಂಧಪಟ್ಟವರಿಗೆ ತಲುಪಿಸುತ್ತೇವೆ ಎಂದು ಬೆಣ್ಣೆಯಂಥ ಉತ್ತರ ಬಂತು. ಬೇರೆ ಕಡೆಯವರಂತೆ ಖಾತೆ ತೆರೆಯಲು ಉದ್ದಕ್ಕನ ಮೈದುನ ಒಂದು ಭಾನುವಾರವಿಡೀ ಹೆಣಗಾಡಿದ. ನಿಮ್ಮ ಕಾರ್ಡು ಈ ಪ್ರದೇಶದ್ದಲ್ಲ ಎಂದು ಅದು ಅವನನ್ನೂ ಹೊರಗಟ್ಟಿತು. ಮೂರು ವಾರದ ಮೇಲೆ ಮಾತ್ರ ಚಿತ್ರಪಟದ ಕೆಳಗೆ ಹೊಸ ಸಾಲು ಕಂಡಿತು: ನಿಮ್ಮ ಪ್ರದೇಶಕ್ಕೆ ಮುಂದಿನ ತಿಂಗಳು.

ಆ ವಾರವೇ ಉದ್ದಕ್ಕ ಅವಳನ್ನು ಮನೆಗೆ ಕರೆದು, ಬಾಗಿಲು ಹಾಕಿ, ಪೆನ್‌ಡ್ರೈವ್ ಒಂದನ್ನು ತೋರಿಸಿದಳು. ಯಾರೋ ಕದ್ದು ಇಳಿಸಿದ ಪ್ರತಿ. "ಮೇಸ್ತ್ರಿಗೆ ಗೊತ್ತಾದ್ರೆ ಇಬ್ಬರಿಗೂ ಮನೆಗೆ ದಾರಿ ತೋರಿಸ್ತಾರೆ. ಬೇಗ ನೋಡು, ತಗೊಂಡ್ಹೋಗು."

ಸಣ್ಣಿ ನೋಡಿದಳು. ಮೆಟ್ಟಿಲು ಬಂತು, ಹೆಂಗಸು ಬಂದಳು. ತೆರೆಯ ಕೆಳಗೆ ಯಾವುದೋ ಜಾಹೀರಾತಿನ ಅಕ್ಷರ ಓಡುತ್ತಿತ್ತು. ನೀಲಿ ಹಸಿರಿಗೆ ತಿರುಗಿತ್ತು. ಕೋಟು ಬೀಸಿತು, ಅಮ್ಮನ ಹಣ್ಣೆಲೆ ಕೆಸರಾಗಿತ್ತು.

"ಬೇಡಕ್ಕ."

"ಏನು ಬೇಡ?"

"ಬಣ್ಣ ಸತ್ತುಹೋಗಿದೆ. ಇದನ್ನ ಅಮ್ಮಂಗೆ ತೋರಿಸಲ್ಲ."

"ಆ ಕಣ್ಣಲ್ಲಿ ನಿಮ್ಮಮ್ಮಂಗೆ ಅಷ್ಟೆಲ್ಲ ಗೊತ್ತಾಗುತ್ತೇನೇ?"

"ಗೊತ್ತಾಗುತ್ತೆ. ಮುಂದಿನ ತಿಂಗಳು ಸರಿಯಾದ್ದೇ ಬರುತ್ತಲ್ಲ, ಕಾಯ್ತೀವಿ."

ಸಣ್ಣಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಉದ್ದಕ್ಕ ಕೇಳಿರಲೇ ಇಲ್ಲ. "ಆಯ್ತು ಮಹಾರಾಣಿ, ನಿನ್ನಿಷ್ಟ" ಎಂದು ಪೆನ್‌ಡ್ರೈವ್ ಕಿತ್ತುಕೊಂಡಳು. ದಿನವಿಡೀ ಬಣ್ಣದಲ್ಲೇ ಬದುಕುವವರಿಗಲ್ಲದೆ ಬೇರೆಯವರಿಗೆ ಅಂಥ ಹಟ ಬರುತ್ತಿರಲಿಲ್ಲವೇನೋ. ಬೇರೆ ಯಾವ ಮಗಳಾದರೂ ಅದನ್ನು ತೆಗೆದುಕೊಂಡು ಹೋಗುತ್ತಿದ್ದಳು.

ತಾಯಿ ಮಗಳಿಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಇನ್ನು ಹನ್ನೊಂದು ದಿನವಿದೆ ಎನ್ನುವಾಗ, ಬೆಳಗ್ಗೆ ಮುಖ ತೊಳೆಯಲು ಹೋದ ಅಮ್ಮ ಗೋಡೆ ಹಿಡಿದು ನಿಂತಳು. "ಕಣ್ಣೊಳಗೆ ಶಾಯಿ ಚೆಲ್ಲಿದ ಹಾಗಿದೆ ಕಣೇ."

ಕಣ್ಣಿನ ಡಾಕ್ಟರು ನೋಡಿ, ಒಳಗೆ ನಾಳ ಒಡೆದು ರಕ್ತ ತುಂಬಿದೆ, ನಾಳೆಯೇ ಆಪರೇಷನ್ ಆಗಬೇಕು ಎಂದರು. ದೃಷ್ಟಿ ಉಳಿಯುತ್ತಾ ಎಂದು ಸಣ್ಣಿ ಕೇಳಿದ್ದಕ್ಕೆ ಅವರು ಚೀಟಿ ಬರೆಯುತ್ತಲೇ, "ನೋಡೋಣ" ಎಂದರು. ಆ ಪದ ಅವರ ಬಾಯಲ್ಲಿ ಸವೆದುಹೋಗಿತ್ತು.

ತಲೆ ಎತ್ತರಿಸಿ ಕೂತಿರಬೇಕೆಂದಿದ್ದರು. ಮಧ್ಯಾಹ್ನದ ಹೊತ್ತಿಗೆ ರಕ್ತ ಕೆಳಗಿಳಿದು ಮೇಲಿನ ಭಾಗ ಅಷ್ಟು ತಿಳಿಯಾಯಿತು. "ಸ್ವಲ್ಪ ಕಾಣ್ತಿದೆ" ಎಂದಳು ಅಮ್ಮ. "ಇವತ್ತೇ ತೋರಿಸ್ಬಿಡು. ಹೇಗಾದ್ರೂ ಮಾಡು."

ಸಣ್ಣಿ ಅಡುಗೆಮನೆಗೆ ಹೋಗಿ ಉದ್ದಕ್ಕನಿಗೆ ಫೋನು ಮಾಡಿದಳು.

"ಅವತ್ತೇ ಅಳಿಸಿಬಿಟ್ಟೆನಲ್ಲೇ" ಎಂದಳು ಉದ್ದಕ್ಕ. "ಮೇಸ್ತ್ರಿ ಬ್ಯಾಗ್ ನೋಡ್ತಾರಂತ ಹೆದರಿಕೆ ಆಯ್ತು. ಕೊಟ್ಟವನು ಊರಲ್ಲಿಲ್ಲ." ಆಮೇಲೆ, "ಅವತ್ತು ತಗೊಂಡು ಹೋಗ್ಬಾರ್ದಿತ್ತಾ" ಎಂದಳು. ಸಣ್ಣಿ ಫೋನು ಇಟ್ಟಳು.

ಹೊರಗೆ ಅಮ್ಮ ಕುರ್ಚಿಯನ್ನು ತಾನೇ ಎಳೆದುಕೊಂಡು, ಗದ್ದ ಎತ್ತಿ, ಕಣ್ಣಿನ ತಿಳಿಯಾದ ಭಾಗಕ್ಕೆ ಟಿವಿ ಬೀಳುವಂತೆ ಹೊಂದಿಸಿಕೊಂಡು ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ಆ ಮುಖಕ್ಕೆ ಇಲ್ಲ ಎನ್ನಲು ಸಣ್ಣಿಗೆ ನಾಲಿಗೆ ಏಳಲಿಲ್ಲ. ತಮ್ಮ ಪ್ರದೇಶಕ್ಕೆ ಸಿಗುವ ಪಟ್ಟಿಯನ್ನು ಕೆಳಗಿಳಿಸುತ್ತಾ ಹೋದಳು. ಹಿಂದೆ ಯಾವಾಗಲೋ ನೋಡಿದ ಒಂದು ಅನಿಮೆ ಇತ್ತು. ಅದರಲ್ಲೂ ಒಬ್ಬಳು ಕಡುನೀಲಿ ನಿಲುವಂಗಿ ತೊಟ್ಟು ಸೇತುವೆಯ ಮೇಲೆ ತಿರುಗುತ್ತಾಳೆ. ಸಣ್ಣಿ ಅದನ್ನು ಹಾಕಿದಳು.

"ಇದೇನಾ?"

"ಇದೇ ಅಮ್ಮ."

ಸೇತುವೆ ಬಂತು. ನಿಲುವಂಗಿ ಬೀಸಿತು. "ನಿಲ್ಲಿಸು" ಎಂದು ಅಮ್ಮ ಎದ್ದು, ತೆರೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಗದ್ದ ಎತ್ತಿಕೊಂಡೇ ನೋಡಿದಳು. ಬಹಳ ಹೊತ್ತು ನೋಡಿದಳು.

"ಬದಲಾಯಿಸಿದ್ದಾರೆ. ಕೆಂಪು ಹಾಕಿದ್ದಾರೆ."

ಅವಸರದಲ್ಲಿ ಸಣ್ಣಿ ನೀಲಿಯನ್ನಷ್ಟೇ ಹುಡುಕಿದ್ದಳು, ಒಳಗಿನದನ್ನು ನೋಡಿರಲಿಲ್ಲ. "ಹೂಂ. ಕೊನೇಲಿ... ಅವರೇ ಬದಲಾಯಿಸಿದ್ರು."

"ಅವರಿಗೆ ಗೊತ್ತಿರುತ್ತೆ ಬಿಡು." ಅಮ್ಮ ಬೆರಳಿನಿಂದ ಆ ಕೆಂಪಿನ ಮೇಲೆ ಗೀರಿದಂತೆ ಮಾಡಿದಳು. "ನನ್ನದು ಮಂಕಾಯ್ತೇನೋ. ಆದ್ರೆ ತುಂಬಿರೋದು ನೀಟಾಗಿದೆ ಸಣ್ಣಿ. ಅಂಚಲ್ಲಿ ಒಂದು ಚುಕ್ಕೆ ಬಿಟ್ಟಿಲ್ಲ ನೀನು."

ಆ ಚುಕ್ಕೆ ಬಿಡದವರು ಇನ್ಯಾರೋ, ಇನ್ಯಾವುದೋ ಮಹಡಿಯಲ್ಲಿ ಪರದೆ ಎಳೆದುಕೊಂಡು ಕೂತವರು.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದರು. ಡಾಕ್ಟರು ದೀಪ ಹಿಡಿದು, ಆಡಿಸಿ, ಕೊನೆಗೆ ಆರಿಸಿ, ಅಮ್ಮನ ಹೆಗಲ ಮೇಲೆ ಕೈಯಿಟ್ಟರು.

ಮನೆಗೆ ಬಂದ ಅಮ್ಮ ಅಳಲಿಲ್ಲ, ದೂರಲಿಲ್ಲ. ನೋಡಲು ಬಂದವರಿಗೆಲ್ಲ ಆ ದೃಶ್ಯ ಹೇಳುತ್ತಿದ್ದಳು: ಸೇತುವೆ, ಗಾಳಿ, ತಿರುಗಿದ ಹುಡುಗಿ, ಒಳಗಿನ ಕೆಂಪು. ಅಂಗಡಿಯ ಯಜಮಾನರು ಬಂದು, "ನಿನ್ನ ಬಣ್ಣ ತೆಗೆದುಹಾಕಿದ್ರಂತಲ್ಲಮ್ಮ, ಅದು ಹೆಂಗೆ?" ಎಂದು ಹಗುರ ಮಾಡಲು ನೋಡಿದರು. ಅಮ್ಮನೂ ನಕ್ಕಳು. "ಮೂವತ್ತು ವರ್ಷದಲ್ಲಿ ಒಂದು ಸಲ ಕೈ ತಪ್ಪಿತು ಯಜಮಾನ್ರೇ. ಕಣ್ಣು ಆಗ್ಲೇ ಕೆಟ್ಟಿತ್ತೇನೋ. ಇನ್ನೆಷ್ಟು ಜನರ ಬಟ್ಟೆಗೆ ತಪ್ಪು ದಾರ ಕೊಟ್ಟಿದೀನೋ." ನೀರು ತಂದ ಸಣ್ಣಿ ಲೋಟ ಇಟ್ಟು ಒಳಗೆ ಹೋದಳು.

ಹನ್ನೊಂದನೆಯ ದಿನ ಆ್ಯಪಿನವರು ಮಾತು ಉಳಿಸಿಕೊಂಡರು. ನಿಮ್ಮ ಪ್ರದೇಶದಲ್ಲಿ ಈಗ ಲಭ್ಯ. ಮಧ್ಯಾಹ್ನ ಅಮ್ಮ ಮಂಚದಲ್ಲಿ ಒರಗಿದ್ದಾಗ ಸಣ್ಣಿ ಸದ್ದು ಆರಿಸಿ ಆ ಸರಣಿ ಹಾಕಿಕೊಂಡಳು. ಮೆಟ್ಟಿಲು ಬಂತು. ನೀಲಿ ನೀಲಿಯಾಗಿಯೇ ಇತ್ತು. ಹೆಂಗಸು ತಿರುಗಿದಳು, ಕೋಟು ಬೀಸಿತು, ಹಣ್ಣೆಲೆ ಕಂಡಿತು. ಇಡೀ ಬೂದು ಸಂಜೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ. ಅದನ್ನು ಬಿಟ್ಟು ಬೇರೆ ಬಣ್ಣ ಅಲ್ಲಿ ಕೂರುತ್ತಲೇ ಇರಲಿಲ್ಲ. ಸಣ್ಣಿ ಹಿಂದೆ ಸರಿಸಿ ಮತ್ತೆ ನೋಡಿದಳು, ಮತ್ತೆ ನೋಡಿದಳು. ಅಮ್ಮನ ಕೈ ತಪ್ಪಿರಲಿಲ್ಲ. ಅದನ್ನು ಹೇಳದೆ ಇರುವುದು ಅವಳಿಂದಾಗಲಿಲ್ಲ.

ಮಂಚದ ಅಂಚಿಗೆ ಕೂತು ಎಲ್ಲವನ್ನೂ ಹೇಳಿದಳು. ಪೆನ್‌ಡ್ರೈವ್, ತನ್ನ ಹಟ, ಸೇತುವೆಯ ಸುಳ್ಳು. "ನಿನ್ನ ಬಣ್ಣವನ್ನ ಯಾರೂ ತೆಗೆದಿಲ್ಲಮ್ಮ. ಈಗಷ್ಟೇ ನೋಡಿದೆ. ಇದ್ದ ಹಾಗೇ ಇದೆ. ತುಂಬ ಚೆನ್ನಾಗಿದೆ."

ಅಮ್ಮ ಮುಖವನ್ನು ದನಿಯ ಕಡೆಗೆ ತಿರುಗಿಸಿದಳು. "ಇದೆಯಾ?"

"ಇದೆ."

"ಹಂಗಾದ್ರೆ ನಾನು ನೋಡಿದ್ದು ಯಾರದ್ದು?"

"ಗೊತ್ತಿಲ್ಲಮ್ಮ. ಯಾರೋ ಮಾಡಿದ್ದು."

ಬೈದಿದ್ದರೆ ಸಣ್ಣಿಗೆ ಎಷ್ಟೋ ಹಗುರವಾಗುತ್ತಿತ್ತು. ಅಮ್ಮ ಬೈಯಲಿಲ್ಲ. ಹಣೆ ಗಂಟಿಕ್ಕಿ, ರೆಪ್ಪೆ ಬಿಗಿಹಿಡಿದು, ಏನನ್ನೋ ಹುಡುಕುವವಳಂತೆ ಕೂತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಬರ್ತಿಲ್ಲ ಕಣೇ. ನನ್ನ ಹಣ್ಣೆಲೆ ನೆನಪಿಗೆ ತಂದ್ಕೊಳೋಣ ಅಂದ್ರೆ ಅದೇ ಕೆಂಪು ಬರುತ್ತೆ. ದಿನಾ ಅದನ್ನೇ ನೋಡ್ತಾ ಕೂತಿದ್ದೆನಲ್ಲ."

ಸಣ್ಣಿ ಅವಳ ಕೈ ಹಿಡಿದುಕೊಂಡಳು. ಅಮ್ಮ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. "ಹೇಳು" ಎಂದಳು, ಕಣ್ಣು ಮುಚ್ಚಿಕೊಂಡೇ. "ಯಾವ ಥರ ಇತ್ತು ಅದು?"

ಹಳದಿ ಅಲ್ಲ ಅಮ್ಮ, ಎಂದು ಸಣ್ಣಿ ಶುರುಮಾಡಿದಳು. ಕಂದೂ ಅಲ್ಲ. ಅಷ್ಟಕ್ಕೇ ಅವಳ ಮಾತು ಮುಗಿದುಹೋಯಿತು.