ಮೂರು ಸಲ ಕೇಳುವುದು

ಆ ಠರಾವನ್ನು ನಾನು ಸಭೆ ಸೇರುವ ಮೊದಲೇ ಬರೆದಿಟ್ಟಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಅದನ್ನು ಮುಚ್ಚಿಟ್ಟರೆ ಗುತ್ಯಮ್ಮ ಮಾಡಿದ್ದು ಎಂಥ ಕೆಲಸ ಎಂದು ನಿಮಗೆ ತಿಳಿಯುವುದಿಲ್ಲ.

ಆಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ನಮ್ಮವರದೊಂದೊಂದು ಬುದ್ಧವಿಹಾರ ಇತ್ತು. ವಿಹಾರ ಎಂದ ಕೂಡಲೇ ದೊಡ್ಡದಾಗಿ ಏನನ್ನೂ ಊಹಿಸಿಕೊಳ್ಳಬೇಡಿ. ಸಾಗರದ್ದಕ್ಕೆ ಹೆಂಚಿತ್ತು, ತೀರ್ಥಹಳ್ಳಿಯದು ಬಾಡಿಗೆ ಕೋಣೆ, ನಮ್ಮ ಹೊಸನಗರದ್ದು ಗೋಮಾಳದ ಅಂಚಿನಲ್ಲಿ ಹುಲ್ಲು ಹೊದಿಸಿದ ಗುಡಿಸಲು. ಮೂರಕ್ಕೂ ಸೇರಿ ಒಂದೇ ಸಮಿತಿ. ಅಂಚೆ ಕಚೇರಿಯ ಗುಮಾಸ್ತರಾಗಿದ್ದ ಸಾಗರದ ರಾಮಚಂದ್ರಪ್ಪನವರು ಅಧ್ಯಕ್ಷರು. ಪ್ರೈಮರಿ ಸ್ಕೂಲಿನ ಮೇಷ್ಟ್ರು ಮಾಸ್ತಪ್ಪ, ಅಂದರೆ ನಾನು, ಕಾರ್ಯದರ್ಶಿ.

ನಮಗೆ ದೀಕ್ಷೆ ಕೊಟ್ಟ ಭಿಕ್ಕುಗಳು ಸಭೆ ನಡೆಸುವ ಪದ್ಧತಿಯನ್ನೂ ಕಲಿಸಿಹೋಗಿದ್ದರು. ಯಾವ ವಿಷಯವನ್ನಾದರೂ ಎಲ್ಲರ ಮುಂದಿಟ್ಟು ಮೂರು ಸಲ ಕೇಳಬೇಕು. ಒಪ್ಪದವರು ಬಾಯಿ ಬಿಟ್ಟು ಹೇಳಬೇಕು. ಸುಮ್ಮನಿದ್ದರೆ ಒಪ್ಪಿದ ಹಾಗೆ. ಒಬ್ಬರು ಬೇಡವೆಂದರೂ ಠರಾವು ಬಿದ್ದುಹೋಗುತ್ತದೆ. ಎರಡೂವರೆ ಸಾವಿರ ವರ್ಷದ ಪದ್ಧತಿಯಂತೆ, ಚೆಂದವಾಗಿಯೇ ಇದೆ. ಆದರೆ ಸುಮ್ಮನಿರುವುದನ್ನೇ ಹುಟ್ಟಿನಿಂದ ಕಲಿತ ನಮ್ಮಂಥವರ ಕೈಗೆ ಅದನ್ನು ಕೊಟ್ಟರೆ ಏನಾಗಬೇಕು? ಮೂರಲ್ಲ, ಮೂವತ್ತು ಸಲ ಕೇಳಿದರೂ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಹಾಗಾಗಿ ನಾನು ಠರಾವನ್ನು ಮನೆಯಲ್ಲೇ ಬರೆದು, ಕೊನೆಗೆ 'ಸರ್ವಾನುಮತದಿಂದ' ಎಂದು ಸೇರಿಸಿಕೊಂಡು ಬರುತ್ತಿದ್ದೆ.

ಸಮಿತಿಯ ಸೇವೆಗಳಲ್ಲಿ ಜನ ನಂಬಿಕೊಂಡಿದ್ದದ್ದು ಜೋಲಿಯನ್ನು. ಕಂಬಳಿಯನ್ನು ಬಿದಿರಿನ ಬೊಂಬಿಗೆ ಕಟ್ಟಿ, ಅದರಲ್ಲಿ ರೋಗಿಯನ್ನು ಮಲಗಿಸಿ, ಗಾಡಿ ಹೋಗದ ಊರುಗಳಿಂದ ಬಸ್ಸಿನ ರಸ್ತೆಯವರೆಗೆ ಹೊತ್ತು ತರುವುದು. ಅದನ್ನು ಶುರುಮಾಡಿದ್ದು ಗುತ್ಯಮ್ಮ. ಅವಳ ತಂಗಿ ದುಗ್ಗಮ್ಮ ಹೆರಿಗೆಯಲ್ಲಿ ಗಾಡಿ ಸಿಗದೆ ತೀರಿಕೊಂಡಿದ್ದಳು. ಅದರ ಮುಂದಿನ ವಾರವೇ ಇವಳು ನಾಲ್ಕು ಗಂಡಸರನ್ನು ಒಟ್ಟುಮಾಡಿ, ಅಲುಗದ ಹಾಗೆ ಹೆಜ್ಜೆ ಹಾಕುವುದನ್ನು ಅಂಗಳದಲ್ಲಿ ಅಭ್ಯಾಸ ಮಾಡಿಸಿದಳು. ಭಿಕ್ಕುಗಳು ಅವಳಿಗೆ ಸುಜಾತಾ ಎಂದು ಹೊಸ ಹೆಸರಿಟ್ಟಿದ್ದರು. "ಗುತ್ಯಮ್ಮ ಅಂದ್ರೆ ಮಾತ್ರ ತಿರುಗಿ ನೋಡ್ತೀನಿ ಭಂತೇಜಿ" ಎಂದು ಅವರ ಮುಖಕ್ಕೇ ಹೇಳಿದ ಹೆಂಗಸು ಅವಳು.

ಅರವತ್ತಾರನೇ ಇಸವಿಯ ಮಾಘದಲ್ಲಿ ಸುಬ್ಬರಾಯರು ಹೇಳಿಕಳಿಸಿದರು. ಅವರು ಆ ಕಡೆಯ ದೊಡ್ಡ ಜಮೀನುದಾರರು. ಹೊಸನಗರದ ವಿಹಾರಕ್ಕೆ ಹತ್ತು ಗುಂಟೆ ಜಾಗ ಬರೆದುಕೊಡುತ್ತಾರಂತೆ. ಪ್ರತಿಯಾಗಿ ಒಂದೇ ಒಂದು ಸಣ್ಣ ವಿಷಯ: ದೊಡ್ಡ ಮನೆಗಳಿಗೆ ಜೋಲಿ ಬಂದಾಗ ಹೆಬ್ಬಾಗಿಲಿಂದ ಬರಬಾರದು, ಕೊಟ್ಟಿಗೆ ಬಳಸಿ ಹಿತ್ತಿಲ ಬಾಗಿಲಿಂದ ಬರಬೇಕು. ಸಮಿತಿ ಹಾಗೆಂದು ಠರಾವು ಮಾಡಿಕೊಡಬೇಕು.

ರಾಮಚಂದ್ರಪ್ಪನವರು ಕೆಟ್ಟವರಲ್ಲ. ಜಾಗ ಸಿಕ್ಕರೆ ಹೆಂಚಿನ ಕಟ್ಟಡ, ಅದರಲ್ಲೇ ಮಕ್ಕಳಿಗೊಂದು ಹಾಸ್ಟೆಲ್ ಎಂದು ಲೆಕ್ಕ ಹಾಕಿದ್ದರು. ಆಸೆ ನನಗೂ ಇತ್ತು. ಹುಣ್ಣಿಮೆಯ ದಿನ ಮಧ್ಯಾಹ್ನ ಮೂರೂ ಊರಿನವರು ನಮ್ಮ ಗುಡಿಸಲಲ್ಲಿ ಸೇರಿದರು. ಅಧ್ಯಕ್ಷರು ಒಂದು ಸಲ ಕೇಳಿದರು. ಎರಡು ಸಲ ಕೇಳಿದರು. ಮೂರನೆಯದನ್ನು ಕೇಳುವಾಗಲೇ ನಾನು ಪುಸ್ತಕ ಮುಚ್ಚುತ್ತಿದ್ದೆ.

"ನಾ ಒಪ್ಪಲ್ಲ."

ಹಿಂದಿನ ಸಾಲಿನಿಂದ ಗುತ್ಯಮ್ಮ ಎದ್ದು ನಿಂತಿದ್ದಳು. ಅಂಥದ್ದೊಂದು ಮಾತು ಆ ಸಭೆಯಲ್ಲಿ ಅದೇ ಮೊದಲು ಕೇಳಿದ್ದು. ಮುಂದೇನು ಮಾಡಬೇಕೆಂದು ಅಧ್ಯಕ್ಷರಿಗೂ ಗೊತ್ತಿರಲಿಲ್ಲ.

"ಮಾಸ್ತಣ್ಣ, ಬರ್ದಾಗಿದ್ರೆ ಹೊಡ್ದಾಕು" ಎಂದಳು ನನ್ನ ಕಡೆ ತಿರುಗಿ. "ಸತ್ತ ದನ ಹೊರಕ್ಕೆ ನಮ್ಮನ್ನ ಹಿತ್ಲಿಂದ ಕರೀತಿದ್ರು. ನಮ್ಮಪ್ಪ ಹೊತ್ತ, ನಿಮ್ಮಪ್ಪನೂ ಹೊತ್ತ. ದೀಕ್ಷೆ ತಗಂಡ ದಿನ ಅದನ್ನ ಬಿಟ್ವಿ. ಈಗ ಬದುಕಿರೋ ಮನುಷ್ಯರ್ನ ಹೊರ್ತಿದ್ದೀವಿ. ಅದೂ ಹಿತ್ಲಿಂದ್ಲೇ ಅಂದ್ರೆ ನಾವು ಬಿಟ್ಟಿದ್ದು ಏನ್ನ?"

"ಹಂಗಾದ್ರೆ ರೋಗಿ ಸಾಯ್ಲಿ ಅಂತೀಯೇನಮ್ಮ?" ಎಂದರು ರಾಮಚಂದ್ರಪ್ಪ.

"ಸಾಯ್ಲಿ ಅಂತ ಯಾರಂದ್ರು? ಹೊರ್ತೀವಿ. ಹೆಬ್ಬಾಗ್ಲಿಂದ ಹೊರ್ತೀವಿ."

ಠರಾವು ಬಿತ್ತು. ಅದರ ಜೊತೆಗೆ ಹತ್ತು ಗುಂಟೆಯೂ ಹೋಯಿತು ಎಂದುಕೊಂಡು ನಾನು ಆ ಪುಟಕ್ಕೆ ಅಡ್ಡಗೆರೆ ಎಳೆದೆ. ನಿಜ ಹೇಳುತ್ತೇನೆ, ಅವತ್ತು ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂದಿತ್ತು.

ಅದಾಗಿ ಒಂಬತ್ತನೇ ದಿನ ಬೆಳಿಗ್ಗೆ ಸುಬ್ಬರಾಯರ ಆಳು ಏದುಸಿರು ಬಿಡುತ್ತ ಓಡಿಬಂದ. ಅವರ ಸೊಸೆ ವಾಗ್ದೇವಿಗೆ ಎರಡು ದಿನದಿಂದ ಹೆರಿಗೆ ನೋವು. ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಗಾಡಿಯಲ್ಲಿ ಕುಲುಕಿಸಿದರೆ ಜೀವ ಉಳಿಯುವುದಿಲ್ಲ, ಜೋಲಿಯವರನ್ನೇ ಕರೆಸಿ ಎಂದಿದ್ದಾಳೆ. ಇಷ್ಟು ಹೇಳಿ ಆ ಆಳು ತಲೆ ತಗ್ಗಿಸಿದ. "ಹಿತ್ಲ ಕಡೆಯಿಂದ ಬರ್ಬೇಕಂತೆ."

ಹೊರುವವರಲ್ಲಿ ಒಬ್ಬನಿಗೆ ಜ್ವರ ಬಂದಿತ್ತು. ಅವನ ಜಾಗಕ್ಕೆ ನಾನು ಹೆಗಲು ಕೊಟ್ಟೆ. ಗುತ್ಯಮ್ಮ ಮುಂದೆ ಮುಂದೆ ನಡೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಇವತ್ತೊಂದಿನ ಹಟ ಬಿಡು ಗುತ್ಯಮ್ಮ. ಎರಡು ಜೀವದ ಪ್ರಶ್ನೆ. ಅವರು ಬಿಡ್ದೇ ಇದ್ರೆ ಏನ್ ಮಾಡ್ತೀಯ?"

"ಬಿಡ್ದೇ ಇದ್ರೆ ಹಿತ್ಲಿಂದ್ಲೇ ತರ್ತೀನಿ" ಎಂದಳು. "ದುಗ್ಗಿ ಸತ್ತದ್ದು ನೋಡಿದೀನಿ ನಾನು. ಆದ್ರೆ ಬೇಡ ಅನ್ನೋ ಮಾತು ಅವರ ಬಾಯಿಂದ್ಲೇ ಬರ್ಲಿ. ಎಲ್ರ ಎದ್ರಿಗೆ ಬರ್ಲಿ. ಆಳಿನ ಹತ್ರ ಹೇಳ್ಕಳ್ಸೋದಲ್ಲ."

ಸುಬ್ಬರಾಯರ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಒಕ್ಕಲುಗಳು, ನೆಂಟರು, ನೆರೆಮನೆಯವರು. ಸುಬ್ಬರಾಯರು ಹೆಬ್ಬಾಗಿಲಲ್ಲೇ ನಿಂತು ಕೊಟ್ಟಿಗೆಯ ಕಡೆ ಕೈ ತೋರಿಸಿದರು. ನಮ್ಮ ಕಾಲುಗಳು ತಾವಾಗಿಯೇ ಆ ಕಡೆ ತಿರುಗಿದವು. ಕಾಲಿಗೂ ಅಭ್ಯಾಸ ಅನ್ನುವುದಿರುತ್ತದಲ್ಲ.

ಗುತ್ಯಮ್ಮ ಬೊಂಬು ಹಿಡಿದು ನಮ್ಮನ್ನು ನಿಲ್ಲಿಸಿದಳು. ನೆಟ್ಟಗೆ ಹೋಗಿ ಮೆಟ್ಟಿಲ ಮುಂದೆ ನಿಂತಳು.

"ಸುಬ್ಬರಾಯ್ರೇ" ಎಂದಳು. ಅದಕ್ಕೆ ಮೊದಲು ನಮ್ಮವರು ಯಾರೂ ಅವರನ್ನು 'ಒಡೆಯಾ' ಎನ್ನದೆ ಕರೆದದ್ದಿಲ್ಲ. "ನಿಮ್ಮ ಸೊಸೇನ ಈ ಬಾಗ್ಲಿಂದ ಕರ್ಕಂಡೋಗಕ್ಕೆ ಬಂದಿದೀವಿ. ನಮ್ಮ ವಿಹಾರದಲ್ಲಿ ಮೂರು ಸಲ ಕೇಳ್ತೀವಿ. ಒಪ್ದೇ ಇದ್ದೋರು ಹೇಳ್ಬೇಕು. ಸುಮ್ನಿದ್ರೆ ಒಪ್ದಂಗೆ. ಇದು ಒಂದ್ನೇ ಸಲ."

ಸುಬ್ಬರಾಯರು ಅಂಗಳದಲ್ಲಿದ್ದ ಜನರನ್ನು ನೋಡಿದರು. ಜನ ಅವರನ್ನೇ ನೋಡುತ್ತಿದ್ದರು. ಹಿತ್ತಿಲಿಗೆ ಹೋಗಿ ಎಂದು ಕೈ ತೋರಿಸುವುದು ಸುಲಭ. ಸೊಸೆ ಒಳಗೆ ನರಳುತ್ತಿರುವಾಗ ಅದನ್ನೇ ಗಟ್ಟಿಯಾಗಿ ಬಾಯಿಬಿಟ್ಟು ಹೇಳುವುದು ಸುಲಭವಲ್ಲ.

"ಎರಡ್ನೇ ಸಲ ಕೇಳ್ತಿದೀನಿ."

ಅವರು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಶರಾವತಿಯಮ್ಮ ಕೂಗಿದರು. "ಎಂತ ನೋಡ್ತಾ ನಿಂತದ್ದು? ಇಲ್ಲಿ ಜೀವ ಹೋಗ್ತಾ ಇದ್ದು!"

ತೆರೆದ ಬಾಯಿ ಮುಚ್ಚಿತು.

"ಮೂರ್ನೇ ಸಲ."

ಸುಬ್ಬರಾಯರು ಏನೂ ಹೇಳಲಿಲ್ಲ. ಹೇಳದೆಯೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

"ಸುಮ್ನಿದ್ರು. ಮಾಸ್ತಣ್ಣ, ನೆನಪಿಟ್ಕೊ, ಬರೀಬೇಕು" ಎಂದವಳೇ ಗುತ್ಯಮ್ಮ ಹೊಸ್ತಿಲು ದಾಟಿದಳು. ಹಿಂದೆಯೇ ಜೋಲಿ ಹೊತ್ತ ನಾವು. ಜಗುಲಿ ದಾಟಿ, ನಡುಮನೆ ದಾಟಿ, ನಮ್ಮಪ್ಪ ಕನಸಿನಲ್ಲೂ ಕಾಣದ ಕೋಣೆಯವರೆಗೆ ಹೋದೆವು. ಬಂದ ಬಾಗಿಲಿಂದಲೇ ವಾಗ್ದೇವಿಯನ್ನು ಹೊತ್ತುಕೊಂಡು ಹೊರಗೆ ಬಂದೆವು. ಅಂಗಳದ ಜನ ದಾರಿ ಬಿಟ್ಟರು. ಮೂರು ಮೈಲಿ ದಾರಿಯಲ್ಲಿ ಒಂದು ಸಲವೂ ಬೊಂಬು ಅಲುಗದ ಹಾಗೆ ಗುತ್ಯಮ್ಮ ಪಕ್ಕದಲ್ಲೇ ಹೆಜ್ಜೆ ಎಣಿಸುತ್ತ ನಡೆದಳು. ರಸ್ತೆಯಲ್ಲಿ ಆಸ್ಪತ್ರೆಯವರೆಗೆ ಲಾರಿಯೊಂದು ಸಿಕ್ಕಿತು. ತಾಯಿ, ಹೆಣ್ಣು ಮಗು ಇಬ್ಬರೂ ಉಳಿದರು.

ಜಾಗ ಕೊಡುವುದಿಲ್ಲ ಎಂದು ಸುಬ್ಬರಾಯರು ಅದೇ ತಿಂಗಳು ಹೇಳಿಕಳಿಸಿದರು. ಈ ಮಾತನ್ನೂ ಆಳಿನ ಕೈಲೇ. ಮುಂದಿನ ಹುಣ್ಣಿಮೆಗೆ ರಾಮಚಂದ್ರಪ್ಪನವರು ಅದನ್ನು ಸಭೆಗೆ ತಿಳಿಸಿ ನಿಟ್ಟುಸಿರು ಬಿಟ್ಟರು.

"ಹೋಗ್ಲಿ ಬಿಡಿ ಅಧ್ಯಕ್ಷರೇ" ಎಂದಳು ಗುತ್ಯಮ್ಮ. "ಹುಲ್ಲು ಹೊದ್ಸಕ್ಕೆ ನಮಗೆ ಬರ್ತದೆ."

ಜನ ನಕ್ಕರು. ಆಮೇಲೆ ಗುಡಿಸಲಿನ ಮಾಡು ಹೊದಿಸುವ ದಿನ ಯಾವುದೆಂದು ಅಧ್ಯಕ್ಷರು ಕೇಳಿದರು. ಭಾನುವಾರ ಬೇಡ ಎಂದು ತೀರ್ಥಹಳ್ಳಿಯ ಒಬ್ಬ ಮುದುಕ ಎದ್ದು ನಿಂತ. ಅವನ ಹಿಂದೆ ಇನ್ನೊಬ್ಬಳು ಎದ್ದಳು. ಆವತ್ತು ಸಭೆ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು.

ನಾನು ಖಾಲಿ ಪುಟ ತೆರೆದು ಕೂತಿದ್ದೆ. ಮೂರನೇ ಸಲ ಕೇಳಿ ಮುಗಿಯುವ ತನಕ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.