ಬೆಡ್‌ಶೀಟಿನ ಇನ್ನೊಂದು ತುದಿ

ಸ್ಕೂಲ್ ವ್ಯಾನು ಬಂದು ನಿಲ್ಲುವ ಹೊತ್ತಿಗೂ ದೊಡ್ಡಕ್ಕ ಆಸ್ಪತ್ರೆಯ ಲಾಂಡ್ರಿಯಿಂದ ಕಾಲೆಳೆದುಕೊಂಡು ಮನೆ ಸೇರುವ ಹೊತ್ತಿಗೂ ಸರಿಹೋಗುತ್ತಿತ್ತು. ಬೆಳಗಿನಿಂದ ನಿಂತೇ ಬೆಡ್‌ಶೀಟು ಇಸ್ತ್ರಿ ಮಾಡಿ ಮಡಚುವವಳ ಕಾಲು ಸಂಜೆಯ ಹೊತ್ತಿಗೆ ಅವಳ ಮಾತು ಕೇಳುತ್ತಿರಲಿಲ್ಲ. ಲಾಂಡ್ರಿಯ ಹೆಂಗಸರಲ್ಲಿ ಹಿರಿಯಳೆಂದು ದೊಡ್ಡಕ್ಕ ಎನಿಸಿಕೊಂಡವಳು. ಮನೆಗೆ ಬಂದರೆ ಅಡುಗೆ, ಪಾತ್ರೆ, ಏಳನೇ ಕ್ಲಾಸಿನ ಮಗಳು. ಇದರ ಮಧ್ಯೆ ಯಾರಾದರೂ "ಸ್ವಲ್ಪ ಮಾತಾಡ್ಬೇಕಿತ್ತು" ಎಂದರೆ ಅವಳಿಗೆ ಅಳುವೇ ಬರುತ್ತಿತ್ತು.

ಅವತ್ತು ವ್ಯಾನಿನ ಡ್ರೈವರ್ ಅದನ್ನೇ ಅಂದ.

"ಅಕ್ಕಾ, ಸ್ವಲ್ಪ ಮಾತಾಡ್ಬೇಕಿತ್ತು. ಮಗಳು ಒಳಗೆ ಹೋಗ್ಲಿ."

"ಏನಣ್ಣಾ, ಮತ್ತೆ ನೀರಿನ ಬಾಟ್ಲಿ ಬಿಟ್ಟು ಬಂದಿದ್ದಾಳಾ?"

"ಬಾಟ್ಲಿ ಆಗಿದ್ರೆ ಕೊಟ್ಟು ಹೋಗ್ತಿದ್ದೆ. ನಿಮ್ ಲಾಂಡ್ರೀಲಿ ಕೆಲ್ಸ ಮಾಡೋರ ಮಗಳಿದ್ದಾಳಲ್ಲ, ಕನ್ನಡಕದ ಹುಡುಗಿ? ನಾಲ್ಕು ದಿನದಿಂದ ಬಂದಿಲ್ಲ."

ದೊಡ್ಡಕ್ಕ ಮುಖ ಗಂಟಿಕ್ಕಿದಳು. ಅದು ಹೊಸಬಳ ಮಗಳು. ಲಾಂಡ್ರಿಗೆ ಸೇರಿ ಮೂರು ವರ್ಷವಾದರೂ ಅವಳಿನ್ನೂ ಎಲ್ಲರ ಬಾಯಲ್ಲಿ ಹೊಸಬಳೇ. ಎರಡು ತಿಂಗಳಿಂದ ಲಾಂಡ್ರಿಯ ಹೆಂಗಸರೆಲ್ಲ ಅವಳೊಂದಿಗೆ ಮಾತು ಬಿಟ್ಟಿದ್ದರು.

"ಹುಷಾರಿಲ್ವೇನೋ," ಎಂದಳು.

"ಹೊಟ್ಟೆನೋವಂತೆ. ಸ್ಕೂಲ್ ಹೊತ್ತಿಗೆ ಬರುತ್ತೆ, ವ್ಯಾನ್ ಹೋದ್ಮೇಲೆ ಹೋಗುತ್ತೆ. ಡಾಕ್ಟ್ರು ನೋಡಿ ಏನೂ ಇಲ್ಲ ಅಂದ್ರಂತೆ. ಇನ್ಮೇಲೆ ಸ್ಕೂಲಿಗೇ ಹೋಗಲ್ಲ ಅಂತ ಹಟ ಹಿಡಿದು ಕೂತಿದ್ದಾಳೆ. ಎರಡು ತಿಂಗಳಿಂದ ಆ ಮಗು ನನ್ ಪಕ್ಕದ ಸೀಟಲ್ಲೇ ಕೂರ್ತಿತ್ತು ಅಕ್ಕಾ. ಹಿಂದೆ ಹೋದ್ರೆ ಖಾಲಿ ಸೀಟಿನ ಮೇಲೆ ಟಪಕ್ಕಂತ ಒಂದು ಬ್ಯಾಗ್ ಬೀಳುತ್ತೆ. ಸೀಟು ಯಾರಿಗ್ರೇ ಹಿಡಿದಿರೋದು ಅಂದ್ರೆ ಕಿಸಕ್ಕಂತ ನಗ್ತಾರೆ. ಊಟಕ್ಕೂ ಸೇರಿಸ್ಕೊಳ್ಳಲ್ವಂತೆ. ಡಬ್ಬಿ ಹಾಗೇ ವಾಪಸ್ ಬರ್ತಿತ್ತು."

"ಅಯ್ಯೋ, ಇಷ್ಟೇನಾ! ಮಕ್ಕಳು ಅಂದ್ಮೇಲೆ ಇವತ್ತು ಟೂ ಬಿಡ್ತಾರೆ, ನಾಳೆ ಹೆಗಲ ಮೇಲೆ ಕೈ ಹಾಕ್ಕೊಂಡು ಓಡಾಡ್ತಾರೆ. ಯಾರಾದ್ರೂ ಹೊಡೆದ್ರಾ?"

"ಹೊಡೆದಿದ್ರೆ ಗಾಯ ಕಾಣ್ತಿತ್ತು. ನೀವೂ ನಂಬ್ತಿದ್ರಿ." ಬೆಳಗಿನ ಐದಕ್ಕೇ ಗಾಡಿ ಹತ್ತಿದವನು ಕಣ್ಣುಜ್ಜಿಕೊಂಡ. "ಇಬ್ರು ಕಿತ್ತಾಡಿ ಟೂ ಬಿಟ್ರೆ ಅದು ಜಗಳ. ಎಲ್ರೂ ಸೇರ್ಕೊಂಡು, ದಿನಾ, ಒಂದು ಮಗೂನ ಹೊರಗಿಟ್ರೆ ಅದು ಹಿಂಸೆ. ಹೋದ ತಿಂಗಳು ಸ್ಕೂಲಲ್ಲಿ ನಮ್ಮಂಥ ಡ್ರೈವರ್‌ಗಳನ್ನೂ ಕೂರಿಸ್ಕೊಂಡು ಹೇಳಿದ್ರು. ನಾನೂ ಆಕಳಿಸ್ತಾನೇ ಕೂತಿದ್ದೆ. ಆಮೇಲಿಂದ ಕನ್ನಡೀಲಿ ಹಿಂದೆ ನೋಡೋಕೆ ಶುರು ಮಾಡ್ದೆ."

"ಸರಿಯಪ್ಪ. ಯಾವ ಹುಡುಗಿ ಮಾಡಿಸ್ತಿದ್ದಾಳೋ ಅವಳ ಅಮ್ಮನಿಗೆ ಹೋಗಿ ಹೇಳಿ."

"ಅವಳ ಅಮ್ಮನಿಗೇ ಹೇಳ್ತಾ ಇದ್ದೀನಿ ಅಕ್ಕಾ."

ದೊಡ್ಡಕ್ಕನಿಗೆ ಪಿತ್ತ ನೆತ್ತಿಗೇರಿತು. "ನನ್ ಮಗಳಾ? ಇರುವೆ ಕಂಡ್ರೂ ದಾಟ್ಕೊಂಡು ಹೋಗೋಳು ಅವಳು! ಯಾರ ಮೇಲೆ ಏನು ಹೊರಿಸ್ತಿದ್ದೀರಾ?"

ಅವನು ಜಗಳಕ್ಕೆ ಬರಲಿಲ್ಲ. "ಒಳ್ಳೆ ಹುಡುಗೀನೇ. ಅದಕ್ಕೇ ನಿಮ್ಮ ಹತ್ರ ಬಂದೆ. ಹೊಡೀಬೇಡಿ ಅಕ್ಕಾ. ಆ ಸಿಟ್ಟನ್ನ ನಾಳೆ ಆ ಮಗು ಮೇಲೇ ತೀರಿಸ್ಕೊಳ್ತಾಳೆ. ಕೂತು ಕೇಳಿ. ಕ್ಲಾಸ್ ಟೀಚರ್‌ಗೆ ನಾನು ಹೇಳಿದ್ದೀನಿ, ನೀವೂ ಒಂದು ಮಾತು ಹೇಳಿ."

ಒಳಗೆ ಮಗಳು ನೆಲದ ಮೇಲೆ ಬೋರಲು ಮಲಗಿ ನಕಾಶೆಗೆ ಬಣ್ಣ ತುಂಬುತ್ತಿದ್ದಳು. ಹಿಡಿದು ಎರಡು ಬಿಡಬೇಕೆನಿಸಿತು ದೊಡ್ಡಕ್ಕನಿಗೆ. ನಿಜ ಹೇಳಬೇಕೆಂದರೆ, ಹೊಡೆಯುವಷ್ಟು ತ್ರಾಣವೂ ಕೈಯಲ್ಲಿ ಉಳಿದಿರಲಿಲ್ಲ. ಮಗಳ ಎದುರು ಕುಸಿದು ಕೂತಳು.

"ಆ ಕನ್ನಡಕದ ಹುಡುಗಿಗೆ ಏನೇ ಮಾಡಿದ್ರಿ ನೀವೆಲ್ಲ?"

"ಏನೂ ಮಾಡಿಲ್ಲಮ್ಮ. ಹೊಡೆದಿಲ್ಲ, ಬೈದಿಲ್ಲ. ಮಾತಾಡ್ಸಲ್ಲ, ಅಷ್ಟೇ. ಮಾತಾಡಿಸಿದೋರನ್ನ ಆಟಕ್ಕೆ ಸೇರಿಸ್ಕೊಳ್ಳಲ್ಲ."

"ಹಾಗೆ ಮಾಡು ಅಂತ ಯಾರು ಹೇಳ್ಕೊಟ್ರು?"

ಮಗಳು ಪೆನ್ಸಿಲ್ ಕೆಳಗಿಟ್ಟು, ಇದೆಂಥ ಪ್ರಶ್ನೆ ಎಂಬಂತೆ ನೋಡಿದಳು. "ನೀನೇ. 'ಅವಳನ್ನ ಯಾರೂ ಮಾತಾಡಿಸ್ಬೇಡಿ, ಹತ್ರ ಸೇರಿಸ್ಬೇಡಿ, ತಾನಾಗೇ ದಾರಿಗೆ ಬರ್ತಾಳೆ' ಅಂತ ಫೋನಲ್ಲಿ ದಿನಾ ಹೇಳ್ತಿದ್ಯಲ್ಲ. ಇವಳು ಅವರ ಮಗಳು ತಾನೇ?" ಆಮೇಲೆ ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದಳು: "ಅಮ್ಮಾ, ನಿಮ್ ಕಡೆ ಅವರು ದಾರಿಗೆ ಬಂದ್ರಾ?"

ದೊಡ್ಡಕ್ಕನಿಗೆ ಅವತ್ತಿನದೆಲ್ಲ ನೆನಪಾಯಿತು. ಎರಡು ತಿಂಗಳ ಹಿಂದೆ ಒಂದು ಕಟ್ಟು ಒದ್ದೆ ಬೆಡ್‌ಶೀಟು ಹಾಗೇ ವಾರ್ಡಿಗೆ ಹೋಗಿತ್ತು. ಮಡಚಿದವರು ಯಾರು ಎಂದು ಸೂಪರ್‌ವೈಸರ್ ಗದರಿದಾಗ ಹೊಸಬಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ದೊಡ್ಡಕ್ಕ ಎಂದು. ಆ ಒಂದು ಮಾತಿಗೆ ಎರಡು ತಿಂಗಳ ಶಿಕ್ಷೆ, ಅದೂ ಇಬ್ಬರಿಗೆ!

"ನಾನು ಮಾಡಿದ್ದು ತಪ್ಪು ಕಣೇ. ನನ್ನ ನೋಡಿ ನೀನು ಕಲ್ತೆ. ಆ ಹುಡುಗಿ ಇನ್ಮೇಲೆ ಸ್ಕೂಲಿಗೇ ಬರಲ್ಲ ಅಂತಿದ್ದಾಳಂತೆ."

"ನಮ್ಮಿಂದಾನಾ?" ಮಗಳು ಎದ್ದು ಕೂತಳು. "ನಂಗೂ ಅವಳ ಜೊತೆ ಮಾತಾಡೋ ಆಸೆ ಇತ್ತಮ್ಮ. ಆದ್ರೆ ಎಲ್ರಿಗೂ ನಾನೇ ಹೇಳಿಬಿಟ್ಟಿದ್ನಲ್ಲ. ಈಗ ಹೇಗೆ ವಾಪಸ್ ತಗೊಳ್ಳೋದು?"

"ನಂಗೂ ಗೊತ್ತಿಲ್ಲ. ನಾಳೆ ಮೊದ್ಲು ನಾನು ಮಾಡಿ ನೋಡ್ತೀನಿ. ಆಮೇಲೆ ನಿಂಗೆ ಹೇಳ್ತೀನಿ."

ಆಸ್ಪತ್ರೆಯ ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಒಬ್ಬರು ಆ ತುದಿ, ಒಬ್ಬರು ಈ ತುದಿ, ಒಮ್ಮೆ ಝಾಡಿಸಿ, ಹತ್ತಿರ ಬಂದು ತುದಿಗೆ ತುದಿ ಕೂಡಿಸಬೇಕು. ಮರುದಿನವೂ ಹೊಸಬಳು ಒಂದು ತುದಿಯನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಇನ್ನೊಂದನ್ನು ಮೇಜಿನ ಮೇಲೆ ಹರಡಿ, ಆ ಕಡೆಯಿಂದ ಈ ಕಡೆಗೆ ಓಡಾಡುತ್ತ ಒಬ್ಬಳೇ ಮಡಚುತ್ತಿದ್ದಳು. ಎರಡು ತಿಂಗಳು ದೊಡ್ಡಕ್ಕ ಇದನ್ನು ಕಣ್ಣಾರೆ ಕಂಡಿದ್ದಳು. ಕಂಡು ಒಳಗೊಳಗೇ ಖುಷಿಪಟ್ಟಿದ್ದಳು. ಇವತ್ತು ಆ ಖುಷಿ ನೆನೆದು ಅವಳಿಗೇ ಅಸಹ್ಯವಾಯಿತು.

ಹೋಗಿ ಶೀಟಿನ ಇನ್ನೊಂದು ತುದಿ ಹಿಡಿದಳು. ಇಸ್ತ್ರಿ ಮೇಜಿನ ಹತ್ತಿರದವರೆಲ್ಲ ತಿರುಗಿ ನೋಡಿದರು.

"ಅವತ್ತು ಒದ್ದೆ ಶೀಟು ಮಡಚಿದ್ದು ನಾನೇ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನೀನು ಹೇಳಿದ್ದು ನಿಜ. ಇವರಿಗೆಲ್ಲ ಮಾತು ಬಿಡಿ ಅಂದಿದ್ದೂ ನಾನೇ. ನನ್ನದು ತಪ್ಪಾಯ್ತು."

ಹೊಸಬಳು ನಗಲಿಲ್ಲ. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ನನ್ ಮೇಲೆ ಕೋಪ ಇತ್ತು, ಸರಿ ಅಕ್ಕಾ. ನನ್ ಮಗು ನಿಮಗೇನು ಮಾಡಿತ್ತು?"

ಇಬ್ಬರೂ ಶೀಟು ಝಾಡಿಸಿದರು. ತುದಿಗೆ ತುದಿ ಕೂಡಿಸುವಾಗ ದೊಡ್ಡಕ್ಕ ಮೆಲ್ಲಗೆ ಕೇಳಿದಳು: "ಸಂಜೆ ಮಗಳನ್ನ ಕರ್ಕೊಂಡು ಮನೆಗೆ ಬರ್ಲಾ?"

"ಬನ್ನಿ. ಅವಳು ಬಾಗಿಲು ತೆಗೀತಾಳೋ ಇಲ್ವೋ ಗೊತ್ತಿಲ್ಲ."

ಸಂಜೆ ಹೋದಾಗ ಹುಡುಗಿ ತೆಗೆಯಲಿಲ್ಲ. ಮುಚ್ಚಿದ ಕೋಣೆಯ ಈಚೆ ಕೂತು ದೊಡ್ಡಕ್ಕನ ಮಗಳು, "ಎಲ್ರಿಗೂ ಹೇಳ್ಕೊಟ್ಟಿದ್ದು ನಾನೇ. ನಾಳೆ ಎಲ್ರ ಮುಂದೇನೂ ಹಾಗಂತ ಹೇಳ್ತೀನಿ" ಎಂದಳು. ಮರುದಿನ ಹೇಳಿದಳು ಕೂಡ. ದೊಡ್ಡಕ್ಕ ಹೋಗಿ ಟೀಚರ್‌ಗೆ ತಿಳಿಸಿದ್ದಳು. ಅವರು ಯಾರನ್ನೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಊಟಕ್ಕೆ ತಾವೂ ಮಕ್ಕಳ ಜೊತೆ ಕೂರತೊಡಗಿದರು, ದಿನಕ್ಕೊಂದು ಗುಂಪು ಬದಲಿಸಿ.

ಕನ್ನಡಕದ ಹುಡುಗಿ ಸೋಮವಾರ ವ್ಯಾನು ಹತ್ತಿದಳು. ನೇರ ಮುಂದಿನ ಸೀಟಿಗೇ ಹೋಗಿ ಕೂತಳು. ಹಿಂದೆ ದೊಡ್ಡಕ್ಕನ ಮಗಳು ಪಕ್ಕದ ಸೀಟಿನ ಬ್ಯಾಗು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಒಂದು ವಾರ ಆ ಸೀಟು ಖಾಲಿಯೇ ಹೋಯಿತು. ಅವಳು ಬ್ಯಾಗು ಮತ್ತೆ ಅಲ್ಲಿಡಲಿಲ್ಲ. ಮುಂದಿನ ಸೋಮವಾರ ಹುಡುಗಿ ಹಿಂದಕ್ಕೆ ತಿರುಗಿ ನೋಡಿದಳು, ಎದ್ದು ಬಂದು ಕೂತಳು. ಡ್ರೈವರ್ ಕನ್ನಡಿ ನೋಡಿ, ಕಣ್ಣೊರೆಸಿಕೊಂಡು ಗಾಡಿ ಬಿಟ್ಟ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನೀವೂ ದಣಿದಿದ್ದೀರಿ, ಗೊತ್ತು. ಹೆಚ್ಚೇನೂ ಬೇಡ, ಇವತ್ತು ಸಂಜೆ ಮಕ್ಕಳನ್ನು ಒಂದೇ ಒಂದು ಮಾತು ಕೇಳಿ: "ನಿಮ್ ಕ್ಲಾಸಲ್ಲಿ ಒಬ್ರೇ ಕೂತು ಊಟ ಮಾಡೋದು ಯಾರು?" ಉತ್ತರ "ನಾನೇ" ಎಂದಾದರೆ, ಸಣ್ಣ ವಿಷಯವೆಂದು ತಳ್ಳಿಹಾಕದೆ ಟೀಚರನ್ನು ಕಾಣಿ. ಬೆಳಗಿನ ಹೊಟ್ಟೆನೋವನ್ನು ನಾಟಕ ಎನ್ನಬೇಡಿ. ಸೀಟಿನ ಮೇಲೆ ಬ್ಯಾಗಿಡುತ್ತಿರುವುದು ನಿಮ್ಮ ಮಗುವೇ ಆದರೆ ಕೈ ಎತ್ತಬೇಡಿ, ಕೂತು ಕೇಳಿ. ಕೇಳುವ ಮೊದಲು ಒಮ್ಮೆ ನೆನಪು ಮಾಡಿಕೊಳ್ಳಿ: ನೀವು ಕೆಲಸ ಮಾಡುವ ಕಡೆ ಒಬ್ಬರೇ ಬೆಡ್‌ಶೀಟು ಮಡಚುತ್ತಿರುವವರು ಯಾರು? ನಾಳೆ ಬೆಳಗ್ಗೆ ಹೋಗಿ ಇನ್ನೊಂದು ತುದಿ ಹಿಡಿಯಿರಿ. ಮಕ್ಕಳು ನೋಡುತ್ತಿದ್ದಾರೆ.