ಸೋಲಾರ್ ಪ್ಲೇಟಿನ ಅಭಿಷೇಕ

ನೂರಾರು ದೇಶಗಳು ಎಲ್ಲೋ ದೂರದ ಊರಿನಲ್ಲಿ ಕೂತು, ಭೂಮಿ ಕಾಯ್ದಿದೆ, ಬಡ ದೇಶಗಳೂ ಬಿಸಿಲಿನಿಂದಲೇ ಕರೆಂಟ್ ಮಾಡಿಕೊಳ್ಳಲಿ ಎಂದು ನೆರವು ಕೊಡಲು ಒಪ್ಪಿದವಂತೆ. ಹಾಗೆ ಬಂದದ್ದು ಬುಕ್ಕಸಾಗರದ ನಮ್ಮ ಮಹಿಳಾ ಸಂಘದ ಸೋಲಾರ್ ಹಿಟ್ಟಿನ ಗಿರಣಿ. ಅದು ಬಂದು ಕೆಲವು ತಿಂಗಳಾಗಿತ್ತು, ಪರೀಕ್ಷಿಸಲು ಮರುದಿನ ಒಬ್ಬ ವಿದೇಶಿ ಮೇಡಂ ಬರುವವರಿದ್ದರು. ಸರಿಯಾಗಿ ಓಡಿದರೆ ಉಳಿಯುತ್ತದೆ, ಇಲ್ಲದಿದ್ದರೆ ಬಿಚ್ಚಿಕೊಂಡು ಬೇರೆ ಊರಿಗೆ ಒಯ್ಯುತ್ತಾರೆ.

“ಭೂಮಿ ಕಾಯ್ದಿದ್ದು ತಿಳಿಯಾಕ ಅಷ್ಟು ದೂರ ಹೋಗಬೇಕಿತ್ತೇನ? ನಮ್ಮ ಅಂಗಳದಾಗ ಬರಿಗಾಲಿಲೆ ನಿಂತಿದ್ರ ಸಾಕಿತ್ತು,” ಎಂದರು ನಮ್ಮ ಅತ್ತೆ ಜಂಬಮ್ಮ.

ನನಗೆ ನಗು ಬರಲಿಲ್ಲ. ಸಂಘದ ಜವಾಬ್ದಾರಿ ನನ್ನದು, ತಲೆ ಮೊಸರುಗಡಿಗೆಯಾಗಿತ್ತು. “ಅತ್ತೀ, ನಾಳೆ ಪೂಜಿ ಹೊತ್ತಿನ್ಯಾಗ ನೀವು ಮುಂದ ಬರಬ್ಯಾಡ್ರಿ. ಆರತೀನ ಸಂಘದ ದುರ್ಗಕ್ಕ ಮಾಡ್ತಾಳ,” ಎಂದುಬಿಟ್ಟೆ. ಮಾವ ತೀರಿಕೊಂಡು ಆರು ವರ್ಷ. ಶುಭಕಾರ್ಯವೆಂದರೆ ಅತ್ತೆ ತಾವಾಗಿಯೇ ಹಿಂದೆ ಸರಿಯುತ್ತಿದ್ದರು, ನಾನು ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಬೆಳಗ್ಗೆ ಗಿರಣಿಯ ಹತ್ತಿರ ಹೋದರೆ ಗದ್ದೆಯ ಮೇಲೆಲ್ಲ ಮಂಜು. ಹೊಳೆಯ ಸದ್ದು ಎಲ್ಲಿಂದಲೋ ತೇಲಿ ಬರುತ್ತಿತ್ತು. ಹನ್ನೆರಡು ಸೋಲಾರ್ ಪ್ಲೇಟುಗಳು ಮೈತುಂಬ ವಿಭೂತಿ ಬಳಿದುಕೊಂಡು, ನಡುವೆ ಕುಂಕುಮವಿಟ್ಟುಕೊಂಡು, ಸಾಲಾಗಿ ಕೂತು ಸೂರ್ಯನನ್ನು ಕಾಯುತ್ತಿದ್ದವು. ಎಷ್ಟು ಚೆಂದ ಕಂಡವೆಂದರೆ, ನಾನಿನ್ನೂ ಕನಸಿನಲ್ಲೇ ಇದ್ದೇನೆ ಅನ್ನಿಸಿತು.

ಮಂಜು ಕರಗಿ ಬಿಸಿಲೇರಿತು. ಗಿರಣಿ ಒಮ್ಮೆ ನರಳಿ ಸುಮ್ಮನಾಯಿತು.

“ಅಯ್ಯೋ ನಮ್ಮವ್ವ! ಬಿಸಿಲು ಬೀಳೋ ಜಾಗಕ್ಕ ವಿಭೂತಿ ಬಳದೋರು ಯಾರು?” ಎಂದು ದುರ್ಗಕ್ಕ ಕೂಗಿದಳು.

“ನಾನ,” ಎಂದರು ಅತ್ತೆ, ಎಲ್ಲರ ಹಿಂದಿನಿಂದ. “ಯಾರೂ ಏಳೂದಕ್ಕಿಂತ ಮುಂಚೆ ಬಂದಿದ್ದೆ. ನಿಮ್ಮ ಕಣ್ಣೆದುರು ಮಾಡಾಕ ಬರಂಗಿಲ್ಲಲ್ಲ.”

ಸಿಟ್ಟು ನೆತ್ತಿಗೇರಿತು. ಬಟ್ಟೆ ತೆಗೆದುಕೊಂಡು ಕುಂಕುಮಕ್ಕೆ ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

“ಒರಸಬ್ಯಾಡ ಕಾವ್ಯ. ಹಿಂಗ ಒಂದು ಬಟ್ಟಿಲೆ ನನ್ನ ಹಣಿ ಒರಸಿದ್ರು.”

ಅಂದು ಆ ಬಟ್ಟೆ ತಂದುಕೊಟ್ಟವಳು ನಾನೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಕಾರು ಬರೋ ಹೊತ್ತಾತ್ರೀ,” ಎಂದು ದುರ್ಗಕ್ಕ ಚಡಪಡಿಸಿದಳು.

“ಏನ್ ಮಾಡೂನು ಅತ್ತೀ?” ಎಂದೆ.

“ಶಿವನ ಮೈಮ್ಯಾಲಿನ ವಿಭೂತಿ ಹೆಂಗ ಇಳೀತೈತಿ? ಅಭಿಷೇಕ ಮಾಡಿದ್ರ. ಜಲ್ದಿ ಕೊಡ ತರ್ರಿ.”

ಕಾಲುವೆಯಿಂದ ಕೊಡಗಳು ಬಂದವು. ಮೊದಲ ಕೊಡಕ್ಕೆ ದುರ್ಗಕ್ಕ ಕೈಚಾಚಿದಳು. ನಾನು ಅದನ್ನು ಅತ್ತೆಯ ಕೈಗಿಟ್ಟೆ. ನೀರು ಬಿತ್ತು. ವಿಭೂತಿ ಇಳಿಯಿತು, ಕುಂಕುಮ ಇಳಿಯಿತು, ಅದರ ಹಿಂದೆಯೇ ಸಂಡೂರಿನ ಗಣಿಗಳ ಕಡೆಯಿಂದ ಗಾಳಿಗೆ ಬಂದು ತಿಂಗಳುಗಟ್ಟಲೆ ಕೂತಿದ್ದ ಕೆಂಧೂಳೂ ಇಳಿಯಿತು. ನಾವು ಒಂದು ದಿನವಾದರೂ ತೊಳೆದಿದ್ದರೆ ಕೇಳಿ! ಪ್ಲೇಟುಗಳಲ್ಲಿ ಆಕಾಶ ಕಾಣಿಸಿತು, ಒಂದು ಮೋಡ ನಿಧಾನವಾಗಿ ಹನ್ನೆರಡನ್ನೂ ದಾಟಿ ಹೋಯಿತು.

ಗಿರಣಿ ಅಷ್ಟು ಜೋರಾಗಿ ಎಂದೂ ತಿರುಗಿರಲಿಲ್ಲ. ಮೇಡಂ ಮೀಟರ್ ನೋಡಿ, ಜೊತೆಗೆ ಬಂದಿದ್ದ ಹುಡುಗಿಯ ಮೂಲಕ ಕೇಳಿದರು, ಪ್ಲೇಟುಗಳನ್ನು ಯಾರು ನೋಡಿಕೊಳ್ಳುತ್ತಾರೆ?

“ನಮ್ಮ ಅತ್ತಿ,” ಎಂದೆ. “ಪ್ರತಿ ಸೋಮವಾರ ಅಭಿಷೇಕ ಮಾಡ್ತಾರ.”

ಆಗ ಅದು ಸುಳ್ಳು. ಈಗ ಪ್ರತಿ ಸೋಮವಾರ ಮೊದಲ ಕೊಡ ಅತ್ತೆಯದು.

ಗಿರಣಿ ಉಳಿಯಿತು. ಮೊನ್ನೆ ದುರ್ಗಕ್ಕ ಮಗಳ ಮದುವೆಯ ಗೋಧಿ ತಂದಳು. ಮದುವೆಯ ಮೊದಲ ಹಿಡಿಯನ್ನು ಮುತ್ತೈದೆಯರೇ ಹಾಕುವುದು ರೂಢಿ. ಅತ್ತೆ ಎಂದಿನಂತೆ ಬಾಗಿಲ ಕಡೆ ಸರಿಯುತ್ತಿದ್ದರು.

“ಎಲ್ಲಿ ಹೊಂಟ್ರಿ ಜಂಬಕ್ಕ?” ಎಂದು ದುರ್ಗಕ್ಕ ಸೆರಗು ಹಿಡಿದು ನಿಲ್ಲಿಸಿದಳು. “ಮೊದಲ ಹಿಡಿ ನೀವು ಹಾಕ್ರಿ.”